ಓಣಿಯ ಕುಂಬಳಕಾಯಿಗೆಲ್ಲ ಮೊದಲ ಏಟು ನನ್ನದು

ಟೇಲರನ ಅಂಗಡಿಗೆ ಜನ ಅರಿವೆ ಹಿಡಿದುಕೊಂಡು ಬರುತ್ತಾರೆ. ನನ್ನ ಅಂಗಡಿಗೆ ಕುಂಬಳಕಾಯಿ ಹೊತ್ತುಕೊಂಡೂ ಬರುತ್ತಾರೆ. ಬಂದ ಮೇಲೆ ಏನಾದರೊಂದು ಆಗದೆ ಹೋಗುವುದಿಲ್ಲ. ಒಂದರ ನಗೆ ಓಣಿಯಲ್ಲಿ ಪೂರ್ತಿ ಆರುವ ಮೊದಲೇ ಇನ್ನೊಬ್ಬರು ಬಾಗಿಲಲ್ಲಿ ಕಾಯಿ ಇಳಿಸಿರುತ್ತಾರೆ.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲ ಏಟು ಹಾಕುವುದಿಲ್ಲ. ಗಂಡಸೊಬ್ಬ ಅದನ್ನು ಎರಡು ಹೋಳು ಮಾಡಿ ಕೊಡಬೇಕು. ಆಮೇಲೆ ಬೀಜ ಬಿಡಿಸುವುದು, ಸಿಪ್ಪೆ ಹೆರೆಯುವುದು, ಹೆಚ್ಚುವುದು, ತುರಿಯುವುದು, ಒಲೆಯ ಮುಂದೆ ಬೇಯುವುದು ಎಲ್ಲ ಅವರದೇ. ಗಂಡಸಿಗೆ ಒಂದೇ ಏಟಿನ ಕೆಲಸ, ಹೆಸರು ಮಾತ್ರ ದೊಡ್ಡದು. ರಾಣೇಬೆನ್ನೂರಿನ ನಮ್ಮ ಓಣಿಯ ಗಂಡಸರಲ್ಲಿ ಕೆಲವರು ಬೆಳಕು ಹರಿಯುತ್ತಲೇ ಬ್ಯಾಡಗಿ ಪೇಟೆಗೆ ಹೋಗುತ್ತಾರೆ, ಕೆಲವರು ಹಾವೇರಿಯ ಕಚೇರಿಗಳಿಗೆ, ಉಳಿದವರು ಹೊಲಕ್ಕೆ. ಅಡಿಗೆಯ ಹೊತ್ತಿಗೆ ಕೈಗೆ ಸಿಗುವ ಗಂಡಸು ನಾನೊಬ್ಬನೇ, ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವನು. ಹೀಗೆ ಈ ಹುದ್ದೆ ತಾನಾಗಿ ನನ್ನ ಪಾಲಿಗೆ ಬಂತು. ಈಗ ಕೇಳಿದರೆ, ಹೊಲಿಗೆಗಿಂತ ಇದರ ಮೇಲೆಯೇ ನನಗೆ ಅಭಿಮಾನ ಒಂದು ಗುಲಗಂಜಿ ಹೆಚ್ಚು.

ಅಳತೆ ಇಲ್ಲದೆ ಕತ್ತರಿ ಇಲ್ಲ

ಮೊಟ್ಟಮೊದಲು ಬಂದವರು ಪಕ್ಕದ ಮನೆಯ ಅಕ್ಕ. ಅವರ ಯಜಮಾನರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಸುಗ್ಗಿಯ ದಿನಗಳಲ್ಲಿ ಅವರ ಅಂಗಿಯಲ್ಲಿ ಎಷ್ಟು ಖಾರದ ಧೂಳು ಇರುತ್ತದೆಂದರೆ, ಅವರು ಮನೆ ಹೊಕ್ಕದ್ದು ಕಣ್ಣಿಗೆ ಕಾಣುವ ಮೊದಲು ಮನೆಯವರ ಸೀನಿನಲ್ಲಿ ಗೊತ್ತಾಗುತ್ತದೆ. ಅವರು ಮರಳುವವರೆಗೆ ಕಾದರೆ ಪಲ್ಯ ರಾತ್ರಿ ಊಟಕ್ಕೂ ಆಗುವುದಿಲ್ಲವೆಂದು ಅಕ್ಕ ಕಾಯಿಯನ್ನು ಕೂಸಿನಂತೆ ಬಗಲಲ್ಲಿ ಎತ್ತಿಕೊಂಡು ಬಂದು ನನ್ನ ಕಟಿಂಗ್ ಟೇಬಲ್ ಮೇಲೆ ಕೂರಿಸಿದರು. ಜೊತೆಗೆ ಚಾಕು ತಂದಿದ್ದರು.

ನಾನು ಅಲ್ಲಿಯವರೆಗೆ ಅಷ್ಟು ದೊಡ್ಡ ಕಾಯಿಯನ್ನು ಕೊಯ್ದವನಲ್ಲ. ನಮ್ಮ ಮನೆಯಲ್ಲಿ ನಮ್ಮಪ್ಪ ಕೊಯ್ಯುತ್ತಿದ್ದರು, ಅವರಾದ ಮೇಲೆ ಹೆಂಡತಿ ಸಂತೆಯಲ್ಲಿಯೇ ಹೋಳು ಮಾಡಿಸಿಕೊಂಡು ತರುತ್ತಿದ್ದಳು. ಆದರೆ ಮನೆ ಬಾಗಿಲಿಗೆ ಬಂದ ಅಕ್ಕನ ಮುಂದೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೊತ್ತು ತಳ್ಳಲು ಕೊರಳಲ್ಲಿದ್ದ ಟೇಪು ತೆಗೆದು ಕಾಯಿಯ ಸುತ್ತಳತೆ ಹಿಡಿದೆ. ತೊಟ್ಟಿನಿಂದ ಬುಡಕ್ಕೆ ಉದ್ದ ನೋಡಿದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ನಡುವೆ ನೆಟ್ಟಗೆ ಒಂದು ಗೆರೆ ಎಳೆದೆ. ಅಕ್ಕ ಇದೇನು ಮಾಡಾಕತ್ತೀರಿ ಎಂದು ಕೇಳಿದರು. ಅಳತಿ ಇಲ್ಲದs ನಾ ಯಾವುದಕ್ಕೂ ಕತ್ತರಿ ಹಾಕಿದಾವಲ್ರಿ ಎಂದೆ. ಆ ಮಾತು ಆಡಿದ ಮೇಲೆ ನನಗೇ ಸ್ವಲ್ಪ ಧೈರ್ಯ ಬಂತು.

ಗೆರೆಯ ಮೇಲೆ ಚಾಕು ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದೆ. ಕಾಯಿ ಕರ್ ಎಂದು ಬಾಯಿ ಬಿಟ್ಟು ಎರಡು ಹೋಳಾಗಿ ಟೇಬಲ್ಲಿನ ಎರಡು ಕಡೆ ಮಲಗಿತು. ಒಳಗೆ ಒಳ್ಳೇ ಅರಿಸಿನ ಬಣ್ಣ. ಅಕ್ಕ ಎರಡೂ ಹೋಳನ್ನು ಕೂಡಿಸಿ ನೋಡಿದರು, ಬಿಡಿಸಿ ನೋಡಿದರು. ಒಂದು ಇನ್ನೊಂದಕ್ಕಿಂತ ಎಳ್ಳಷ್ಟೂ ದೊಡ್ಡದಿರಲಿಲ್ಲ. ಅಂಚು ಮಡಚಿ ಹೊಲಿದಷ್ಟು ನೇರವಾಗಿತ್ತು. ನಾನು ಸುಮ್ಮನೆ ಚಾಕು ಒರೆಸುತ್ತ ನಿಂತೆ, ದಿನಾ ಮಾಡುವ ಕೆಲಸವೆಂಬಂತೆ. ಎದೆ ಮಾತ್ರ ಹೊಸ ಕೋಟಿನಷ್ಟು ಉಬ್ಬಿತ್ತು.

ಅಕ್ಕ ಹೋಳುಗಳನ್ನು ಬುಟ್ಟಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಗೋಡೆಯ ಮೊಳೆಗೆ ತೂಗುಬಿಟ್ಟ ಅರಿವೆಗಳ ಕಡೆ ಒಮ್ಮೆ ನೋಡಿದರು. ಅವುಗಳಲ್ಲಿ ಅವರದೂ ಒಂದು ಕುಪ್ಪಸವಿತ್ತು, ಹಬ್ಬಕ್ಕೆಂದು ಹೊಲಿಯಲು ಕೊಟ್ಟದ್ದು, ಹಬ್ಬ ಮುಗಿದಿತ್ತು.

"ಟೇಲರಣ್ಣಾ," ಎಂದರು ಮೆಲ್ಲಗೆ, "ಕುಂಬಳಕಾಯಿ ಇಷ್ಟು ಲಗೂ ಮಾಡಿ ಕೊಟ್ರಿ. ನನ್ನ ಕುಬಸಾನೂ ಒಂದು ಕುಂಬಳಕಾಯಿ ಅಂತ ತಿಳ್ಕೋರಿ."

ಕದ್ದು ತಂದದ್ದು

ಓಣಿಯ ತುದಿಗೆ ನನ್ನ ಬಾಲ್ಯದ ಗೆಳೆಯನ ಮನೆ. ಮುಸ್ಲಿಂ ಮನೆತನ. ಹೊರಗೆ ಕನ್ನಡ, ಒಳಗೆ ಉರ್ದು, ಜಗಳಕ್ಕೆ ಎರಡೂ. ಊರ ಹೊರಗಿನ ಹೊಲದಲ್ಲಿ ಅವನು ಬದುವಿನ ಮೇಲೆ ಕುಂಬಳ ಹಬ್ಬಿಸುತ್ತಾನೆ. ಅವನ ಸೊಸೆ ಮಿರಜ್ ಕಡೆಯವಳು. ಮದುವೆಯಾಗಿ ಬಂದಾಗ ಅವಳಿಗೆ ಕನ್ನಡ ಹೊಸದು. ಆದರೆ ಬಲು ಹಟದ ಹುಡುಗಿ. ನಾವು ಹರಕುಮುರುಕು ಉರ್ದುವಿನಲ್ಲಿ ಮಾತಾಡಿಸಿದರೂ ಅವಳು ಕನ್ನಡದಲ್ಲಿಯೇ ಉತ್ತರ ಕೊಡುತ್ತಿದ್ದಳು. ಸಿಗದ ಮಾತಿನ ಜಾಗಕ್ಕೆ ತನ್ನ ಮನೆಯ ಮಾತನ್ನು ಇಟ್ಟು ಮುಂದೆ ಸಾಗುತ್ತಿದ್ದಳು.

ಒಂದು ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಹವಾಲ್ದಾರರು ಕೂತಿದ್ದರು. ಅವರು ನಮ್ಮ ಓಣಿಯಲ್ಲಿಯೇ ಮನೆ ಮಾಡಿಕೊಂಡವರು. ಮೈಮೇಲಿದ್ದ ಖಾಕಿ ಪ್ಯಾಂಟಿನ ಸೊಂಟ ಬಿಡಿಸಲು ಬಂದಿದ್ದರು. ಪ್ಯಾಂಟು ಕುಗ್ಗಿದೆ ಎಂದು ಅವರು ಹೇಳುತ್ತಿದ್ದರು, ನಾನು ಹೌದೆನ್ನುತ್ತಿದ್ದೆ. ಅಷ್ಟರಲ್ಲಿ ಈ ಹುಡುಗಿ ಭಾರವಾದ ಒಂದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಅಣ್ಣಾ, ಕದ್ದು ತಂದೇನ್ರಿ. ಲಗೂ ಎರಡು ಪಾಲು ಮಾಡ್ರಿ. ಅರ್ಧ ನಮಗ, ಅರ್ಧ ನಿಮಗ."

ಹವಾಲ್ದಾರರ ಕಿವಿ ನೆಟ್ಟಗಾಯಿತು. ಅವರು ನಿಧಾನವಾಗಿ ಅವಳ ಕಡೆ ತಿರುಗಿ, ಬಹಳ ಮೆತ್ತಗೆ, ಈ ವ್ಯವಹಾರ ಎಷ್ಟು ದಿನದಿಂದ ನಡದೈತಿ ತಂಗಿ ಎಂದು ಕೇಳಿದರು. ತನ್ನ ಕನ್ನಡ ಅವರಿಗೆ ತಿಳಿಯಿತಲ್ಲ ಎಂದು ಅವಳ ಮುಖ ಅರಳಿತು. ಮಾವನವರು ವಾರವಾರ ಹೊಲಕ್ಕೆ ಹೋಗಿ ಕದ್ದು ತರುತ್ತಾರೆ, ದೊಡ್ಡದು ಸಿಕ್ಕಾಗ ಟೇಲರಣ್ಣನಿಗೆ ಪಾಲು ಕೊಡದೆ ಇರುವುದಿಲ್ಲ, ಓಣಿಯಲ್ಲಿ ಎಲ್ಲರಿಗೂ ಹಂಚುವ ಮನೆತನ ತಮ್ಮದು ಎಂದು ಹೆಮ್ಮೆಯಿಂದ ಹೇಳಿದಳು. ಹವಾಲ್ದಾರರು ನನ್ನತ್ತ ನೋಡಿದರು. ನನಗೆ ಅಷ್ಟೊತ್ತಿಗೆ ನಗೆ ಉಕ್ಕಿ ಮಾತೇ ಹೊರಡದಾಗಿತ್ತು, ಬಾಯಿಯಲ್ಲಿ ಗುಂಡುಪಿನ್ನು ಬೇರೆ. ನನ್ನ ಮೌನ ಅವರಿಗೆ ತಪ್ಪೊಪ್ಪಿಗೆಯಂತೆ ಕಂಡಿತು.

ಹುಡುಗಿಯ ಕೈ ಸೋತು ಚೀಲ ಜಾರತೊಡಗಿತು. ಅವಳು ಹವಾಲ್ದಾರರಿಗೇ, "ಸಾಹೇಬ್ರ, ಸ್ವಲ್ಪ ಹಿಡೀರಿ" ಎಂದಳು. ತಾವಾಗಿಯೇ ಹಿಡಿಯಿರಿ ಎಂದ ಕಳ್ಳರನ್ನು ಅವರು ತಮ್ಮ ಸರ್ವಿಸಿನಲ್ಲಿಯೇ ಕಂಡಿರಲಿಲ್ಲವಂತೆ. ಚೀಲ ಕೆಳಗಿಳಿಯಿತು, ಬಾಯಿ ತೆರೆಯಿತು, ಒಳಗಿಂದ ಕುಂಬಳಕಾಯಿ ಮುಖ ತೋರಿಸಿತು. ನಾನು ಪಿನ್ನು ಉಗುಳಿ, ಉರ್ದುವಿನಲ್ಲಿ ಕುಂಬಳಕಾಯಿಗೆ ಕದ್ದು ಅನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. ಕನ್ನಡದಲ್ಲಿ ಕದ್ದು ಅಂದರೆ ಏನೆಂದು ಅವಳಿಗೂ ಹೇಳಿದೆ. ಅವಳು ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆಮೇಲೆ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕಳು. ಹವಾಲ್ದಾರರು ನಕ್ಕ ರಭಸಕ್ಕೆ, ನಾನು ಬಿಡಿಸಬೇಕೆಂದಿದ್ದ ಸೊಂಟದ ಹೊಲಿಗೆ ತಾನೇ ಬಿಚ್ಚಿಕೊಂಡಿತು.

ಅಂದಿನಿಂದ ಹವಾಲ್ದಾರರಿಗೂ ಅದೇ ಮಾತು ರೂಢಿಯಾಯಿತು. ರವಿವಾರದ ಸಂತೆಯಿಂದ ಕಾಯಿ ತಂದಾಗ ಓಣಿಯ ಆ ತುದಿಯಿಂದಲೇ, "ಟೇಲರ್, ಕದ್ದು ತಂದೇನಿ, ಚಾಕು ತಗಿ" ಎಂದು ಕೂಗುತ್ತ ಬರುತ್ತಾರೆ. ಹೋದ ತಿಂಗಳು ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ಸಮವಸ್ತ್ರದಲ್ಲಿದ್ದ ಪೊಲೀಸರ ಬಾಯಿಂದ ಇದನ್ನು ಕೇಳಿ, ಅಂದೇ ಬಡಿಗನನ್ನು ಕರೆಸಿ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದರು.

ಬಳ್ಳಿ ಹಡೆದ ಮಗಳು

ನಮ್ಮತ್ತೆಯ ಊರು ಕುಪ್ಪೇಲೂರು. ಅವರ ಹಿತ್ತಲಿನ ಕುಂಬಳಕಾಯಿಯ ರುಚಿ ಸಂತೆಯ ಯಾವ ಕಾಯಿಗೂ ಇಲ್ಲ. ಇದನ್ನು ನಾನು ಅಳಿಯನೆಂದು ಹೇಳುತ್ತಿಲ್ಲ, ಅಳಿಯನಾಗಿದ್ದೂ ಹೇಳುತ್ತಿದ್ದೇನೆ. ಅವರು ವಯಸ್ಸಾದ ಮೇಲೆ ಓದು ಬರಹ ಕಲಿತವರು. ಕಲಿತದ್ದನ್ನು ಎಲ್ಲಿ ತೋರಿಸಬೇಕೆಂದು ತಿಳಿಯದೆ, ಹಿತ್ತಲಿನಲ್ಲಿ ಕಾಯಿ ಇನ್ನೂ ಎಳೆಯದಿದ್ದಾಗಲೇ ಅದರ ಮೇಲೆ ಮೊಳೆಯಿಂದ ತಮ್ಮ ಹೆಸರು, ಊರಿನ ಹೆಸರು ಕೊರೆಯುತ್ತಾರೆ. ಕಾಯಿ ಬೆಳೆದಂತೆ ಅಕ್ಷರಗಳೂ ಬೆಳೆಯುತ್ತವೆ. ಬಲಿತ ಕಾಯಿಯ ಮೇಲೆ ಅವರ ಹೆಸರು ಅಂಗಡಿಯ ಬೋರ್ಡಿನಷ್ಟು ದಪ್ಪಗಿರುತ್ತದೆ. ಮೊದಲು ಕಾಯಿ ಕಳ್ಳತನವಾಗಬಾರದೆಂದು ಬರೆಯುತ್ತಿದ್ದರು, ಈಗ ಬರೆಯದಿದ್ದರೆ ಸಮಾಧಾನವಿಲ್ಲ.

ಒಮ್ಮೆ ಅವರನ್ನು ಕರೆತರಲು ನಾನೇ ಹೋಗಿದ್ದೆ. ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲಿನ ಮಾತು ಇದು. ಅತ್ತೆ ಕಿಟಕಿಯ ಪಕ್ಕ ಕೂತರು, ಪಕ್ಕದ ಸೀಟಿನಲ್ಲಿ ಕುಂಬಳಕಾಯಿ ಕೂತಿತು, ನಾನು ನಿಂತೆ. ಕಂಡಕ್ಟರ್ ಬಂದು ಅತ್ತೆಗೆ ಪುಕ್ಕಟೆ ಟಿಕೆಟ್ ಹರಿದು ಕೊಟ್ಟ. ನನ್ನದು ತೆಗೆದುಕೊಂಡೆ. ಆಮೇಲೆ ಅವನು ಕಾಯಿಯ ಕಡೆ ಬೆರಳು ತೋರಿಸಿ, ಇದು ಸೀಟು ಹಿಡಿದಿದೆ, ಇದಕ್ಕೆ ಲಗೇಜು ಹಾಕಬೇಕಾಗುತ್ತದೆ ಎಂದ. ನ್ಯಾಯದ ಮಾತು. ನಾನು ಕಿಸೆಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ತಡೆದರು.

"ಲಗೇಜು ಯಾಕ? ಇದು ನಮ್ಮ ಬಳ್ಳಿ ಹಡದ ಮಗಳು. ಹೆಣ್ಣಿಗೆ ಟಿಕೀಟಿಲ್ಲ."

ಕಂಡಕ್ಟರ್ ಹರೆಯದ ಹುಡುಗ, ನಗುವ ಮುಖದವನು. ಹೆಣ್ಣು ಅಂತ ಹೆಂಗ ಗೊತ್ತಾತಬೇ ಎಂದು ಕೇಳಿದ. ಹೊಟ್ಟೆಯ ತುಂಬ ಬೀಜ ಇಟ್ಟುಕೊಂಡು ಮುಂದಿನ ವರ್ಷದ ಬಳ್ಳಿಯನ್ನು ಹೊತ್ತು ಕೂತಿದೆ, ಗಂಡಾಗಿದ್ದರೆ ಇಷ್ಟು ಜವಾಬ್ದಾರಿ ಇರುತ್ತಿತ್ತೇ ಎಂದು ಅತ್ತೆ ನನ್ನ ಕಡೆ ನೋಡಿಕೊಂಡೇ ಹೇಳಿದರು. ಬಸ್ಸಿನ ಹೆಣ್ಣುಮಕ್ಕಳೆಲ್ಲ ಅವರ ಪಕ್ಷ ವಹಿಸಿದರು. ಕಂಡಕ್ಟರ್ ಸೋಲಲಿಲ್ಲ. ಹೆಣ್ಣೇ ಇರಲಿ, ಆಧಾರ್ ಕಾರ್ಡ್ ತೋರಿಸಿದರೆ ಬಿಡುತ್ತೇನೆ ಎಂದ. ಅತ್ತೆ ಇದಕ್ಕೇ ಕಾದಿದ್ದರೇನೋ. ಕಾಯಿಯನ್ನು ಸೀಟಿನಲ್ಲಿ ಅರ್ಧ ತಿರುಗಿಸಿದರು. ಹೆಸರು ಇತ್ತು, ಊರು ಇತ್ತು. ಓದ್ಕೋ ಎಂದರು.

ಕಂಡಕ್ಟರ್ ಬಗ್ಗಿ ಅಕ್ಷರ ಅಕ್ಷರ ಓದಿದ. ತಲೆ ಕೆರೆದುಕೊಂಡು, ಎಲ್ಲಾ ಸರಿ ಐತಿ, ಫೋಟೋ ಇಲ್ಲಲ್ಲ ಎಂದ. ಅತ್ತೆ ಕಾಯಿಯನ್ನು ಎತ್ತಿ ತಮ್ಮ ಮುಖದ ಪಕ್ಕಕ್ಕೆ ಹಿಡಿದುಕೊಂಡು ನೆಟ್ಟಗೆ ಕೂತರು. ಅವನು ಒಮ್ಮೆ ಕಾಯಿಯನ್ನು, ಒಮ್ಮೆ ಅತ್ತೆಯನ್ನು ನೋಡಿ, "ಖರೇ ಐತಿ, ಮಗಳs ಇದು, ಮುಖ ಹಂಗs ಹೋಲತೈತಿ" ಎಂದು ಮುಂದಿನ ಸೀಟಿಗೆ ಹೋದ.

ಮುಖದ ಈ ಹೋಲಿಕೆ ನನಗೆ ಮದುವೆಯ ದಿನದಿಂದಲೂ ಗೊತ್ತಿತ್ತು. ಹೇಳುವ ಧೈರ್ಯ ಮಾತ್ರ ಒಬ್ಬ ಕಂಡಕ್ಟರನಿಗೆ ಬಂತು.

ಸಿಪ್ಪೆಗೆ ಬಂದ ಬಹುಮಾನ

ನಾನು ಕೊಯ್ಯುವವನಷ್ಟೇ. ಕುಂಬಳಕಾಯಿಯನ್ನು ಅಡಿಗೆಗೆ ಹದ ಮಾಡುವುದು ಹೇಗೆಂದು ನೋಡಬೇಕಾದರೆ ನನ್ನ ಹೆಂಡತಿಯ ಮುಂದೆ ಕೂರಬೇಕು. ಹೋಳನ್ನು ಉದ್ದುದ್ದ ಸೀಳು ಮಾಡಿಕೊಂಡು, ಬೆನ್ನು ಮೇಲೆ ಮಾಡಿ ಮಣೆಯ ಮೇಲೆ ಮಲಗಿಸಿ, ಚಾಕುವನ್ನು ತನ್ನಿಂದಾಚೆಗೆ ತಳ್ಳುತ್ತ ಸಿಪ್ಪೆ ತೆಗೆಯುತ್ತಾಳೆ. ಕಾಯಿ ಬಲಿತು ಕಲ್ಲಾಗಿದ್ದರೆ ಹೋಳಿಗೆ ತುಸು ಬಿಸಿನೀರು ತೋರಿಸುತ್ತಾಳೆ, ಸಿಪ್ಪೆ ಮಾತು ಕೇಳುತ್ತದೆ. ಬೀಜ ತೊಳೆಸಿಕೊಂಡು ಮಾಳಿಗೆಯ ಮೇಲೆ ಒಣಗುತ್ತದೆ, ಒಳಗಿನ ನಾರು ಪಕ್ಕದ ಮನೆಯ ಆಕಳಿಗೆ ಹೋಗುತ್ತದೆ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಎಳ್ಳು, ಬೆಲ್ಲ, ಹುಣಸೆಹಣ್ಣು, ನಮ್ಮ ಬ್ಯಾಡಗಿ ಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬುತ್ತಾಳೆ. ಕಸದ ಗಾಡಿಯವನು ಕುಂಬಳಕಾಯಿಯ ದಿನ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸುವುದೇ ಇಲ್ಲ.

ಹಾವೇರಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದು ಅಡಿಗೆ ಸ್ಪರ್ಧೆ ಇಟ್ಟಿತ್ತು. ಓಣಿಯವರೆಲ್ಲ ಒತ್ತಾಯ ಮಾಡಿ ಇವಳ ಹೆಸರು ಕೊಟ್ಟರು. ಕಾಯಿ ಎರಡು ಹೋಳು ಮಾಡಿ ಕೊಡಲು ನಾನೂ ಜೊತೆಗೆ ಹೋದೆ. ಅಲ್ಲಿಯೇ ಎಲ್ಲರ ಮುಂದೆ ಸಿಪ್ಪೆ ತೆಗೆದು, ಹೆಚ್ಚಿ, ಪಲ್ಯ ಮಾಡಬೇಕು. ಇವಳು ಪಲ್ಯಕ್ಕೆ ಒಗ್ಗರಣೆ ಹಾಕಿ ತಿರುಗಿ ನೋಡಿದರೆ ಮಣೆಯ ಪಕ್ಕದ ಸಿಪ್ಪೆ ಇಲ್ಲ. ಸ್ವಚ್ಛತೆಗೆ ನಿಂತಿದ್ದ ಸ್ವಯಂಸೇವಕಿಯೊಬ್ಬಳು ಕಸವೆಂದು ತಿಳಿದು ಎತ್ತಿಕೊಂಡು ಹೊರಟಿದ್ದಳು. ನನ್ನ ಹೆಂಡತಿ ಒಲೆ ಸಣ್ಣದು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿರ್ಣಾಯಕರ ಮೇಜನ್ನು ಸುತ್ತುಹಾಕಿ ಹಿಂದಿನ ಬಾಗಿಲಲ್ಲಿ ಅವಳನ್ನು ಹಿಡಿದಳು. ಡಬ್ಬಿಗೆ ಬೀಳುವುದರೊಳಗೆ ಸಿಪ್ಪೆಯ ತಟ್ಟೆ ಇವಳ ಕೈಗೆ ಬಂತು. ಸಭೆ ನಕ್ಕಿತು. ನಾನು ನಗಲಿಲ್ಲ, ಆ ಚಟ್ನಿ ತಿಂದವನು ನಾನು.

ನಿರ್ಣಾಯಕರು ಪಲ್ಯ ತಿಂದು ತಲೆಯಾಡಿಸಿದರು. ಪಕ್ಕದ ಬಟ್ಟಲಿನ ಕೆಂಪು ಚಟ್ನಿ ನೆಕ್ಕಿದವರು ಮತ್ತೆ ನೆಕ್ಕಿದರು, ಮೂರನೆಯ ಸಲ ರೊಟ್ಟಿ ಕೇಳಿದರು. ಮೊದಲ ಬಹುಮಾನ ಇವಳಿಗೇ ಬಂತು, ಚಟ್ನಿಗಾಗಿ. ವೇದಿಕೆಯ ಮೇಲೆ ಹೂವಿನ ಹಾರ, ಚಪ್ಪಾಳೆ ಎಲ್ಲ ಆಯಿತು. ನನ್ನ ಕಣ್ಣು ಒದ್ದೆಯಾಗಿತ್ತು, ಪಕ್ಕದವರು ಒಗ್ಗರಣೆಯ ಘಾಟು ಎಂದುಕೊಂಡರು.

ಮನೆಗೆ ಬಂದು ಬಹುಮಾನದ ಪೊಟ್ಟಣ ಬಿಚ್ಚಿದೆವು. ಒಳಗೆ ಹೊಳೆಯುವ ಒಂದು ಪೀಲರು. ಪರೀಕ್ಷಿಸಲು ನಾನೇ ಒಂದು ಹೋಳಿನ ಮೇಲೆ ಎಳೆದೆ. ಸಿಪ್ಪೆ ಗಾಳಿಗೆ ಹಾರುವಷ್ಟು ತೆಳ್ಳಗೆ ಬಂತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಪೀಲರನ್ನು ವಾಪಸ್ಸು ಪೊಟ್ಟಣದಲ್ಲಿಟ್ಟಳು.

"ಸಿಪ್ಪಿಗೆ ಬಹುಮಾನ ಕೊಟ್ಟು," ಎಂದಳು, "ಸಿಪ್ಪೀನs ಬರಲಾರದಂಥಾ ಯಂತ್ರ ಕೊಟ್ಟಾರ ನೋಡ್ರಿ."

ಹುಡುಗನ್ನ ನೋಡಿದ ದಿನ

ನನ್ನ ಮಗಳ ಬಗ್ಗೆ ಹೇಳಬೇಕು. ಅಂಗಡಿಯಲ್ಲಿ ಹೆಣ್ಣುಮಕ್ಕಳ ಬಟ್ಟೆಯ ಕಟಿಂಗೆಲ್ಲ ಈಗ ಅವಳದೇ. ಕೈ ನನಗಿಂತ ಚಲೋ. ಗಿರಾಕಿಗಳು ನನ್ನ ಮುಖದ ಮೇಲೆಯೇ, ಮಗಳು ಇದ್ದಾಗ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. ನಾನು ಸಿಟ್ಟು ಬಂದವನಂತೆ ಮಾಡಿ, ಆ ಮಾತನ್ನು ಸಂಜೆಯವರೆಗೆ ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತೇನೆ.

ಅವಳನ್ನು ನೋಡಲು ಬ್ಯಾಡಗಿಯಿಂದ ಒಂದು ಮನೆತನದವರು ಬರುವವರಿದ್ದರು. ಮೆಣಸಿನಕಾಯಿ ವ್ಯಾಪಾರದ ಮನೆ, ಹುಡುಗ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದ. ಆ ಮನೆಯಲ್ಲಿ ಅಜ್ಜಿಯ ಮಾತೇ ಮಾತು ಎಂದು ಮಧ್ಯಸ್ಥಿಕೆಯವರು ಮೊದಲೇ ಎಚ್ಚರಿಸಿದ್ದರು. ಮಧ್ಯಾಹ್ನ ಬರುತ್ತೇವೆ ಎಂದಿದ್ದರು. ಬಂದವರಿಗೆ ಬಿಸಿಬಿಸಿ ಕುಂಬಳಕಾಯಿ ಗಾರಿಗೆ ಕರಿದು ಹಾಕಬೇಕೆಂದು ಹೆಂಡತಿ ಬೆಲ್ಲ, ಗೋಧಿ ಹಿಟ್ಟು, ಗಸಗಸೆ ಎಲ್ಲ ಹೊಂದಿಸಿಟ್ಟಿದ್ದಳು. ನಾನು ಬೆಳಿಗ್ಗೆ ಹಾವೇರಿಗೆ ಹೋಗಿ ನನ್ನ ಒಡಹುಟ್ಟಿದ ಅಕ್ಕನನ್ನು ಕರೆದುಕೊಂಡು ಬಂದು ಕಾಯಿ ಕೊಯ್ದು ಕೊಡುವುದೆಂದು ಮಾತಾಗಿತ್ತು.

ಬ್ಯಾಡಗಿಯವರು ಮಧ್ಯಾಹ್ನದ ಗಳಿಗೆ ಚಲೋ ಇಲ್ಲವೆಂದು ಬೆಳಿಗ್ಗೆಯೇ ಬಂದುಬಿಟ್ಟರು. ಅಜ್ಜಿ, ಹುಡುಗ, ಹುಡುಗನ ಕಾಕಾ ಮತ್ತು ಮಧ್ಯಸ್ಥಿಕೆಯವರು. ನಮ್ಮ ಮನೆಯಲ್ಲಿದ್ದವರು ಹೆಂಡತಿ, ಮಗಳು ಇಬ್ಬರೇ. ಅಜ್ಜಿ ಪಡಸಾಲೆಯಲ್ಲಿ ಕೂರದೆ ನೆಟ್ಟಗೆ ಅಡಿಗೆಮನೆಗೆ ಹೋಗಿ ನಿಂತರು. ಇಡೀ ಕಾಯಿ ಕಂಡು, ಇನ್ನೂ ಯಾಕೆ ಕೊಯ್ದಿಲ್ಲ ಎಂದು ಕೇಳಿದರು. ಹೆಂಡತಿ, ನಮ್ಮ ಮನಿಯವರು ಊರಿಗೆ ಹೋಗ್ಯಾರ, ಇನ್ನೇನ ಬರ್ತಾರ ಎಂದಳು. ಅದಕ್ಕೇನು, ನಮ್ಮ ಹುಡುಗ ಇಲ್ಲವೇ ಎಂದು ಅಜ್ಜಿ ಮೊಮ್ಮಗನನ್ನು ಕೂಗಿದರು. ಬೇಡವೆಂದರೆ ಹುಡುಗನನ್ನು ಸಣ್ಣವನು ಮಾಡಿದಂತೆ, ಹೂಂ ಎಂದರೆ ಹೊಸ ಅಂಗಿ ಕೆಡುತ್ತದೆ. ಇವಳು ಚಾಕು ತಂದು ಮುಂದಿಟ್ಟಳು.

ಹುಡುಗ ಬಿಳಿ ಅಂಗಿಯ ತೋಳು ಮೇಲೆ ಮಾಡಿಕೊಂಡು ಬಂದ. ಕಾಯಿಗೆ ಆಸರೆ ಏನೂ ಕೊಡದೆ ನೆಲದ ಮೇಲಿಟ್ಟು ಚಾಕು ಬೀಸಿದ. ಚಾಕು ಜಾರಿತು. ಕಾಯಿ ಉರುಳಿ ಅಡಿಗೆಮನೆಯ ಹೊಸ್ತಿಲು ಹಾರಿ ಪಡಸಾಲೆಗೆ ಬಂತು. ಕಾಕಾ ಕಾಲು ಮೇಲೆತ್ತಿಕೊಂಡರು. ಮಧ್ಯಸ್ಥಿಕೆಯವರು ಅದನ್ನು ತಡೆಯಲು ಹೋಗಿ ಅದಕ್ಕೆ ದಾರಿ ಬಿಟ್ಟಂತಾಯಿತು. ಅದು ಅಂಗಡಿಯ ಖೋಲಿ ದಾಟಿ, ಮೆಟ್ಟಿಲಿಳಿದು, ಓಣಿಗೆ ಬಂದು, ಆಗತಾನೇ ಅಕ್ಕನ ಜೊತೆ ಆಟೋ ಇಳಿಯುತ್ತಿದ್ದ ನನ್ನ ಕಾಲಿಗೆ ತಾಗಿ ನಿಂತಿತು. ನಮ್ಮಕ್ಕ, ನಿಮ್ಮ ಮನ್ಯಾಗ ಎದುರುಗೊಳ್ಳಾಕ ಇದನ್ನ ಕಳಸ್ತೀರೇನ ಎಂದು ಕೇಳಿದಳು.

ಕಾಯಿ ಎತ್ತಿಕೊಂಡು ಒಳಗೆ ಹೋದೆ. ಹುಡುಗ ಚಾಕು ಹಿಡಿದು ಹಾಗೆಯೇ ನಿಂತಿದ್ದ. ಮುಖ ಅವರ ಪೇಟೆಯ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಕೈಕಾಲು ತೊಳೆದು ಕೂತು, ಅರಿವೆಯ ಸಿಂಬಿ ಮಾಡಿ ಅದರ ಮೇಲೆ ಕಾಯಿ ಕೂರಿಸಿ, ಚಾಕು ಇಸಿದುಕೊಂಡೆ. ಮಗಳು ಪಕ್ಕಕ್ಕೆ ಬಂದು ಕೂತಳು.

"ಅಪ್ಪಾ, ನಾ ಕೊಯ್ಯಲೇನು?"

ಹೆಂಡತಿ ಬಾಗಿಲ ಸಂದಿಯಿಂದ ಬೇಡ ಎಂದು ಕಣ್ಣು ಮಾಡಿದಳು. ಅಜ್ಜಿ ಎದುರಿಗೇ ನಿಂತಿದ್ದರು. ಹಳೇ ಕಾಲದವರು, ಪದ್ಧತಿ ಬಿಟ್ಟ ಮನೆ ಎಂದು ಎದ್ದು ಹೋದರೆ ಹೋದಂತೆಯೇ. ನನಗೆ ಚಾಕು ಬಿಡಲು ಮನಸ್ಸೂ ಇರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಮಗಳ ಕೈ ನೋಡಿದೆ. ರೇಷ್ಮೆಗೆ ಕತ್ತರಿ ಹಾಕುವಾಗ ಒಮ್ಮೆಯೂ ನಡುಗದ ಕೈ ಅದು. ಒಂದು ಕುಂಬಳಕಾಯಿಗಾಗಿ ಎದ್ದು ಹೋಗುವ ಮನೆಯಾದರೆ, ಮದುವೆಯಾದ ಮೇಲೆ ಏಳುವುದಕ್ಕಿಂತ ಇವತ್ತೇ ಏಳಲಿ ಎನಿಸಿತು. ಚಾಕುವಿನ ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟೆ.

ಅವಳು ತೊಟ್ಟಿನ ಪಕ್ಕಕ್ಕೆ ಮೊನೆ ಊರಿ, ಇನ್ನೊಂದು ಅಂಗೈ ಮೇಲಿಟ್ಟು ಒತ್ತಿದಳು. ಕಾಯಿ ಸದ್ದಿಲ್ಲದೆ ಎರಡಾಯಿತು. ಅಷ್ಟು ನುಣುಪಾಗಿ ನಾನು ಕೊಯ್ದದ್ದೇ ಇಲ್ಲ. ನನ್ನ ಹುದ್ದೆ ಹೋಯಿತೆಂದು ತಿಳಿಯಿತು, ಆದರೂ ಎದೆ ತುಂಬಿ ಬಂತು.

ಅಜ್ಜಿ ಹತ್ತಿರ ಬಂದರು. ಚಾಳೀಸು ಹಾಕಿಕೊಂಡು ಬಗ್ಗಿ ಎರಡೂ ಹೋಳುಗಳನ್ನು ನೋಡಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ಮೊಮ್ಮಗನ ಕಡೆ ತಿರುಗಿದರು.

"ಕೊಯ್ಯೂದಂತೂ ಆತು. ನೀ ಸಿಪ್ಪೀನಾದ್ರೂ ತಗದು ತೋರಸು. ಇಲ್ಲಾಂದ್ರ ಗಾರಿಗಿ ತಿನ್ನಾಕ ಯಾವ ಮುಖ ಇಟ್ಕೊಂಡು ಕುಂದರ್ತಿ?"

ಹುಡುಗ ಅಲ್ಲಿಯೇ ನೆಲದ ಮೇಲೆ ಕೂತ. ಮಗಳು ಅವನ ಮುಂದೆ ಮಣೆ ಸರಿಸಿ, ಹೋಳು ಹೇಗೆ ಹಿಡಿಯಬೇಕು, ಚಾಕು ಯಾವ ಕಡೆಗೆ ತಳ್ಳಬೇಕು ಎಂದು ತೋರಿಸಿದಳು. ಅಜ್ಜಿ ನಮ್ಮನ್ನೆಲ್ಲ ಪಡಸಾಲೆಗೆ ಅಟ್ಟಿದರು. ಒಳಗಿನಿಂದ ಮೊದಲು ಬರೀ ಚಾಕುವಿನ ಸಪ್ಪಳ ಬರುತ್ತಿತ್ತು, ಆಮೇಲೆ ಮಾತು, ಆಮೇಲೆ ನಗೆ. ಅರ್ಧ ಕಾಯಿಯ ಸಿಪ್ಪೆ ತೆಗೆಯಲು ಇಷ್ಟು ಹೊತ್ತು ಬೇಕೇ ಎಂದು ಕಾಕಾ ಕೇಳಿದರು. ಅಜ್ಜಿ ಅವರಿಗೆ ನೀರು ಕುಡಿಯಲು ಹೇಳಿದರು.

ಗಾರಿಗೆ ಆಯಿತು. ಎಲ್ಲರೂ ತಿಂದರು, ಅಜ್ಜಿ ಇನ್ನಷ್ಟು ಕಟ್ಟಿಸಿಕೊಂಡರು. ಕೈ ತೊಳೆದ ಮೇಲೆ ಮಧ್ಯಸ್ಥಿಕೆಯವರು ಗಂಟಲು ಸರಿಮಾಡಿಕೊಂಡು, ಹುಡುಗಿ ಪಸಂದ ಆದಳೇನಪಾ ಎಂದು ಹುಡುಗನನ್ನು ಕೇಳಿದರು. ಹುಡುಗನ ಬಿಳಿ ಅಂಗಿಯ ಮೇಲೆಲ್ಲ ಹಳದಿ ಕಲೆಗಳಿದ್ದವು. ಅವನು ತಲೆ ತಗ್ಗಿಸಿ, ಮೊದಲು ಅವರನ್ನ ಕೇಳ್ರಿ, ನಾ ಪಾಸಾದ್ನೋ ಇಲ್ಲೋ ಅಂತ ಎಂದ.

ಮಧ್ಯಸ್ಥಿಕೆಯವರು ಎಷ್ಟೋ ಮದುವೆ ಮಾಡಿಸಿದವರು, ಹುಡುಗಿಯನ್ನು ಈ ಪ್ರಶ್ನೆ ಕೇಳಿದವರಲ್ಲ. ಅವರು ನನ್ನ ಮುಖ ನೋಡಿದರು. ಅವಳನ್ನೇ ಕೇಳಿರಿ ಎಂದೆ. ಮಗಳು ಒಳಗೆ ಹೋಗಿ ಹುಡುಗ ತೆಗೆದ ಒಂದು ಸಿಪ್ಪೆಯನ್ನು ತಂದಳು. ಎರಡು ಬೆರಳಲ್ಲಿ ಹಿಡಿದು, ತಿರುವಿ, ಕಿಟಕಿಯ ಬೆಳಕಿಗೆ ನೋಡಿದಳು.

"ದಪ್ಪ ತಗದಾರ. ಅಂಚೂ ನೆಟ್ಟಗಿಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಚಪ್ಪಲಿ ಎಲ್ಲಿದೆಯೆಂದು ಬಾಗಿಲ ಕಡೆ ನೋಡಿದರು. ಮಗಳು ಸಿಪ್ಪೆಯನ್ನು ಮಡಚಿ ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಆದ್ರ ಅರಿವಿ ಚಲೋ ಐತಿ, ಅಪ್ಪಾ. ಆಲ್ಟ್ರೇಷನ್ ನಾ ಮಾಡ್ಕೋತೇನಿ."